ಬೀರಮ್ಮನ ದೋಣಿ ಹತ್ತಿದ ದ್ವೀಪ

ಬಹಳ ಬಹಳ ಹಿಂದೆ, ಏಳುಬಂಡೆ ಎಂಬ ದ್ವೀಪವನ್ನು ಧೂಮಾಕ್ಷನೆಂಬ ಪರದೇಶದ ಮಾಂತ್ರಿಕ ಆಳುತ್ತಿದ್ದ. ದ್ವೀಪ ಅವನದಲ್ಲ. ಆಚೆ ದಡದ ರಾಜನ ಮುತ್ತಜ್ಜ ಅದನ್ನು ನೂರು ವರ್ಷಕ್ಕೆ ಬಿಟ್ಟುಕೊಟ್ಟಿದ್ದ, ಅಷ್ಟೇ. ಆ ನೂರು ವರ್ಷ ಅಂದು ಸಂಜೆಗೆ ಮುಗಿಯುತ್ತಿತ್ತು.

ರಾಜನ ಮಂತ್ರಿ ಸೋಮದೇವ ಮೂರು ತಿಂಗಳು ಮಾತುಕತೆ ನಡೆಸಿ ದ್ವೀಪ ಮರಳಿಸುವ ಒಪ್ಪಂದ ಬರೆಸಿದ್ದ. ರಾಜನ ಮುದ್ರೆಯೂ ಮಾಂತ್ರಿಕನ ಮುದ್ರೆಯೂ ಬಿದ್ದಿತ್ತು. ಸೂರ್ಯ ಮುಳುಗುವುದರೊಳಗೆ ಅದನ್ನು ಕಡಲ ನಡುವಿನ ಸಾಕ್ಷಿಕಲ್ಲಿನ ಮೇಲಿಡಬೇಕು. ತಪ್ಪಿದರೆ ದ್ವೀಪ ಇನ್ನೂ ನೂರು ವರ್ಷ ಮಾಂತ್ರಿಕನದೇ.

ಮಂತ್ರಿ, ಮಾಂತ್ರಿಕ ಇಬ್ಬರೂ ದ್ವೀಪದ ಅಂಬಿಗಿತ್ತಿ ಬೀರಮ್ಮನ ದೋಣಿ ಹತ್ತಿದರು. ಅದು ಮಾಯಾದೋಣಿ. ಅದರಲ್ಲಿರುವವರೆಲ್ಲ ‘ಹೂಂ’ ಅನ್ನದೆ ಕದಲುತ್ತಿರಲಿಲ್ಲ. ಒಲ್ಲದವರು ಇಳಿಯಬೇಕು.

“ಹೊರಡಲೇ?” ಎಂದಳು ಬೀರಮ್ಮ.

“ಹೂಂ” ಎಂದ ಮಂತ್ರಿ. ಮಾಂತ್ರಿಕ ಸುಮ್ಮನೆ ನಕ್ಕ. ತಡವಾದಷ್ಟೂ ಅವನಿಗೆ ಲಾಭ.

“ಒಡೆಯಾ, ಆ ಪತ್ರದಲ್ಲಿ ಯಾರಿದ್ದಾರೆ?” ಎಂದು ಬೀರಮ್ಮ ಮಂತ್ರಿಯನ್ನು ಕೇಳಿದಳು.

“ಇಡೀ ದ್ವೀಪವೇ ಇದೆ. ನಾನೂರು ಜನ.”

“ಹಾಗಾದರೆ ಅವರೂ ದೋಣಿಯಲ್ಲಿದ್ದಾರೆ. ಅವರನ್ನು ಕೇಳಿದಿರಾ?”

ಮಂತ್ರಿ ತಲೆ ತಗ್ಗಿಸಿದ. ಮೂರು ತಿಂಗಳಲ್ಲಿ ಆ ಮಾತು ಯಾರಿಗೂ ಹೊಳೆದಿರಲಿಲ್ಲ. “ಹೊತ್ತಾಯಿತು ತಾಯಿ. ಎಲ್ಲರ ಪರವಾಗಿ ನೀನೇ ಹೂಂ ಅಂದುಬಿಡು.”

“ನನ್ನ ಬಾಯಿಂದ ಬರುವುದು ನನ್ನದೊಂದೇ ಹೂಂ.”

ಅವಳು ದಡದಲ್ಲಿ ನೆರೆದಿದ್ದ ದ್ವೀಪದವರತ್ತ ತಿರುಗಿ ಕೇಳಿದಳು. ಜನ ಹೇಳಿದರು: “ರಾಜನ ಕೊಡೆಯಡಿ ಇರುತ್ತೇವೆ. ಆದರೆ ನಮ್ಮ ಮುಖಂಡರನ್ನು ನಾವೇ ಆರಿಸಿಕೊಳ್ಳುತ್ತೇವೆ.” ಅಂದರೆ, ಅರಮನೆಯಿಂದ ಯಾರನ್ನೋ ಕಳಿಸಕೂಡದು. ಅದು ರಾಜ ಕೊಡಬೇಕಾದ ಮಾತು, ಅದಕ್ಕೆ ಮಾಂತ್ರಿಕನ ಅಪ್ಪಣೆ ಬೇಕಿರಲಿಲ್ಲ. ಮಂತ್ರಿ ರಾಜನ ಹೆಸರಿನಲ್ಲಿ ಬರೆದೇಬಿಟ್ಟ.

“ಹೂಂ” ಎನ್ನತೊಡಗಿದರು ಜನ. ದೋಣಿ ಕಾಣದಂತೆ ಮಾಂತ್ರಿಕ ಮಂಜು ಊದಿದ. ಬೀರಮ್ಮನ ದನಿ ಹಿಡಿದು ಜನ ದೋಣಿಯ ಬಳಿ ಬಂದರು. ಅವನು ಹೊಗೆಯ ಮೊಸಳೆಯನ್ನು ನೀರಿಗೆ ಬಿಟ್ಟ. ಅದು ಹೆದರಿದವರನ್ನು ಮಾತ್ರ ಕಚ್ಚುತ್ತಿತ್ತು. ಜನ ಕೈಕೈ ಹಿಡಿದು ನೀರಿಗಿಳಿದರು, ಯಾರೂ ಹೆದರಲಿಲ್ಲ. ಮೂರನೆಯದಾಗಿ ಅವನು ಬೀರಮ್ಮನ ಕಿವಿಯಲ್ಲಿ, “ಇದನ್ನು ನಿಲ್ಲಿಸು, ನಿನ್ನನ್ನೇ ರಾಣಿ ಮಾಡುತ್ತೇನೆ” ಎಂದ.

“ಅದಕ್ಕೂ ನಾನೂರು ಹೂಂ ಬೇಕಲ್ಲ ಸ್ವಾಮಿ” ಎಂದಳು ಅವಳು, ಎಲ್ಲರಿಗೂ ಕೇಳುವಂತೆ.

ನೀರಲ್ಲಿ ನಿಂತವರು ನಕ್ಕರು. ನಾನೂರು ಹೂಂ ತುಂಬಿದ ಮೇಲೆ ಬೀರಮ್ಮ ಮಾಂತ್ರಿಕನತ್ತ ತಿರುಗಿದಳು.

“ಉಳಿದದ್ದು ನಿಮ್ಮದೊಂದೇ. ಹೂಂ ಅನ್ನಿ, ಇಲ್ಲವೇ ಇಳಿಯಿರಿ.”

“ನಾನು ಯಾರಿಗೂ ಹೂಂ ಅಂದವನಲ್ಲ. ಇಳಿಯುವುದೂ ಇಲ್ಲ.”

ದೋಣಿಯೇ ಓರೆಯಾಗಿ ಅವನನ್ನು ದಡದ ಕೆಸರಿಗೆ ಇಳಿಸಿತು. ಆಮೇಲೆ ಬಾಣದಂತೆ ಹೊರಟಿತು. ಸೂರ್ಯ ಇನ್ನೂ ಒಂದು ಗೇಣು ಮೇಲಿದ್ದಾಗ ಪತ್ರ ಕಲ್ಲಿನ ಮೇಲಿತ್ತು. ದ್ವೀಪ ಕೈತಪ್ಪಿದೊಡನೆ ಮಾಂತ್ರಿಕನ ಮಾಯೆಯೆಲ್ಲ ಸೋರಿಹೋಗಿ, ಒಬ್ಬ ಸಾದಾ ಮುದುಕ ಉಳಿದ.

ಅಂದಿನಿಂದ ಏಳುಬಂಡೆಯವರು ತಮ್ಮ ಮುಖಂಡರನ್ನು ತಾವೇ ಆರಿಸಿಕೊಂಡು ನೆಮ್ಮದಿಯಾಗಿ ಬಾಳಿದರು. ಮುದುಕನನ್ನು ಅವನ ದೇಶಕ್ಕೆ ಮುಟ್ಟಿಸಿದವಳೂ ಬೀರಮ್ಮನೇ.

“ಹೊರಡಲೇ ಅಜ್ಜಾ?” ಎಂದು ಕೇಳಿದಳು.

ಅವನು ದ್ವೀಪದತ್ತ ತಿರುಗಿ ನೋಡಿದ. ಅವಳು ಕಾದಳು.

“ಹೂಂ” ಎಂದ.