ದಾರಿಯ ಕಲ್ಲಿನ ಮೇಲಿಟ್ಟ ಸೀರೆ

"ಏ ಯಪ್ಪಾ! ಜೀಪ್ ನಿಂದ್ರಸು!"

ರಸ್ತೆಯ ನಟ್ಟನಡುವೆ ಕೊಡ ಹೊತ್ತ ಹುಡುಗಿಯೊಬ್ಬಳು ನಿಂತಿದ್ದಳು, ಗದ್ದೆಮ್ಮ. ಬಾಲಪ್ಪ ಬ್ರೇಕ್ ತುಳಿದ. ಜೀಪು ಅವಳಿಂದ ಎರಡು ಮೊಳ ದೂರದಲ್ಲಿ ನಿಂತಿತು. ಅವಳು ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಕೊಡದ ನೀರು ಮಾತ್ರ ತುಳುಕಿ ಅವಳ ಹೆಗಲು ತೋಯಿಸಿತು.

"ಸಾಯೋ ಆಸೆ ಐತೇನವ್ವಾ ನಿನಗ?"

"ಜೀಪಿನ ಹಿಂದ ಏನೈತಿ, ಮೊದಲು ಅದನ್ನ ಹೇಳು."

"ತಗಡು. ನಿಮ್ಮ ಪ್ರಾರ್ಥನಿ ಗುಡಿಸಲಿಗಂತ ಸಾವಕಾರ್ರು ಕಳಿಸ್ಯಾರ. ಮಳಿ ಬಂದ್ರ ಸೋರತೈತಂತಲ್ಲ?"

"ಸೋರ್ಲಿ! ಗುಡಿಸಲ ನಮ್ದು, ಮಳಿ ದೇವರದು. ನಿಮ್ಮ ಸಾವಕಾರಗ್ಯಾಕ ನೆಗಡಿ?"

ಬಾಲಪ್ಪನಿಗೆ ನಗು ತಡೆಯಲಾಗಲಿಲ್ಲ. ಆ ನಗು ನೋಡಿ ಗದ್ದೆಮ್ಮನ ಸಿಟ್ಟು ಇನ್ನಷ್ಟು ಏರಿತು. ಆದರೆ ಆ ಸಿಟ್ಟಿನ ಅಡಿಯಲ್ಲಿ ಏನೋ ಒಂದು ಮೆಲ್ಲಗೆ ಅಲುಗಾಡಿತು…

ಅದು ಎಂಬತ್ತೊಂಬತ್ತರ ಚುನಾವಣೆಯ ಕಾಲ. ಓಟಿಗೆ ನಿಂತಿದ್ದ ಸಾವಕಾರರ ಜೀಪನ್ನು ಬಾಲಪ್ಪ ಓಡಿಸುತ್ತಿದ್ದ. ಸಂತೆಕಲ್ಲೂರಿನ ಆಚೆ, ಕಲ್ಲು ಹೆಚ್ಚಿದ್ದ ನೆಲದಲ್ಲಿ ಒಂಬತ್ತು ಗುಡಿಸಲುಗಳಿದ್ದವು. ಜನ ಅವರನ್ನು 'ಬರಿಗೈ ಬಳಗ' ಎಂದು ಕರೆಯುತ್ತಿದ್ದರು. ಗದ್ದೆಮ್ಮನ ಅಜ್ಜ ಗೋಪಣ್ಣನೇ ಆ ಬಳಗದ ಹಿರಿಯ. ದೂರದ ಮಠವೊಂದರಲ್ಲಿ ಅವನು ಮೂವತ್ತು ವರ್ಷ ದಾಸೋಹದ ಒಲೆ ಉರಿಸಿದ್ದ. ಆ ಮಠಕ್ಕೆ ಮಂತ್ರಿಯೊಬ್ಬ ಬೆಳ್ಳಿಯ ಪೀಠ ಕೊಟ್ಟ ದಿನ, "ದೇವರ ಮನಿ ಓಟಿನ ಅಂಗಡಿ ಆತು" ಎಂದು ಹೇಳಿ, ಸೌಟು ಕೆಳಗಿಟ್ಟು ಹೊರಬಂದ. ಒಂಬತ್ತು ಮನೆತನಗಳು ಅವನ ಹಿಂದೆ ನಡೆದವು.

ಬಳಗದ ನೇಮ ಇಷ್ಟು: ದುಡಿದೇ ಉಣ್ಣಬೇಕು. ಯಾರ ಹತ್ತಿರವೂ ಬೇಡಬಾರದು. ನಾಳೆಗೆಂದು ಏನನ್ನೂ ಕೂಡಿಡಬಾರದು. ದುಡಿಯದ ವಸ್ತು ಬಾಗಿಲಿಗೆ ಬಂದರೆ ಅದನ್ನು ಬಿಚ್ಚಿ ನೋಡದೆ ದಾರಿಯ ಕಲ್ಲಿನ ಮೇಲಿಡಬೇಕು. ಹೋಗುವವರು ಯಾರಾದರೂ ಒಯ್ಯಲಿ. "ಬಿಚ್ಚಿದ್ರ ಆಸೆ ಹುಟ್ಟತೈತಿ" ಎನ್ನುತ್ತಿದ್ದ ಗೋಪಣ್ಣ.

ಅಂದು ಗೋಪಣ್ಣ ತಗಡು ಇಳಿಸಲು ಬಿಡಲಿಲ್ಲ. ಆದರೆ ಬಿಸಿಲಲ್ಲಿ ಬಂದವನನ್ನು ಹಾಗೆಯೇ ಕಳಿಸಲೂ ಇಲ್ಲ. ಎರಡು ಜೋಳದ ರೊಟ್ಟಿ, ಪುಂಡಿಪಲ್ಯ ಕೊಟ್ಟ. ಬಾಲಪ್ಪ ಉಂಡು ಕೈ ತೊಳೆದು ಏಳುವಷ್ಟರಲ್ಲಿ ಗದ್ದೆಮ್ಮ ಅವನ ಮುಂದೆ ಕಸ ತೆಗೆಯುವ ಕುರುಪಿ ಹಿಡಿದು ನಿಂತಿದ್ದಳು.

"ಇದೇನು?"

"ಉಂಡೀಯಲ್ಲ? ತೊಗರಿ ಹೊಲದಾಗ ಎರಡು ಸಾಲು ಕಸ ತಗಿ. ಇಲ್ಲಿ ಪುಕ್ಕಟೆ ಊಟ ಇಲ್ಲ."

"ಉಣ್ಣೋಕಿಂತ ಮೊದಲ ಹೇಳಬೇಕಿಲ್ಲೇನು?"

"ಮೊದಲ ಹೇಳಿದ್ರ ಉಪವಾಸ ಹೋಗ್ತಿದ್ದಿ."

ಅವಳು ಎರಡು ಸಾಲು ಎಂದರೆ ಅವನು ಆರು ಸಾಲು ತೆಗೆದ. ಮುಂದಿನ ಭಾನುವಾರ ಜೀಪಿಲ್ಲದೆ, ಬಸ್ಸಿಳಿದು ನಡೆದೇ ಬಂದ. ಅದರ ಮುಂದಿನ ಭಾನುವಾರವೂ ಬಂದ. ಕಸ ತೆಗೆದು, ರೊಟ್ಟಿ ಉಂಡು, ಸಂಜೆಯ ಪ್ರಾರ್ಥನೆಯಲ್ಲಿ ಹಿಂದಿನ ಸಾಲಿನಲ್ಲಿ ಕುಳಿತು ಹೋಗುತ್ತಿದ್ದ.

"ದೇವರ ಮ್ಯಾಲಿನ ಭಕ್ತಿ ಭಾಳ ಹೆಚ್ಚಾಗೇತಿ ನಿನಗ," ಎಂದು ಒಮ್ಮೆ ಅವಳು ಚುಚ್ಚಿದಳು.

"ದೇವರು ಯಾವ ಸಾಲಿನ್ಯಾಗ ಕುಂದರತಾನ ಅಂತ ನೋಡಾಕತ್ತೀನಿ," ಎಂದ ಅವನು, ಅವಳ ಕಡೆಯೇ ನೋಡುತ್ತ.

ಅವಳು ತಟ್ಟನೆ ತಲೆ ತಗ್ಗಿಸಿದಳು. ಕುರುಪಿ ಕಸದ ಬದಲು ತೊಗರಿಯ ಗಿಡವನ್ನೇ ಕಿತ್ತುಹಾಕಿತು!

ಅದೇ ದಿನ ಅವನು ಕೇಳಿದ್ದ, "ನಿನಗ ಯಾವ ಬಣ್ಣ ಸೇರತೈತಿ?"

"ತೊಗರಿ ಹೂವಿಂದು," ಎಂದಿದ್ದಳು. ಮರುಗಳಿಗೆಯೇ ಆ ಮಾತು ಮರೆತಿದ್ದಳು.

ಆಮೇಲೆ ಎರಡು ಭಾನುವಾರ ಬಾಲಪ್ಪ ಬರಲಿಲ್ಲ. ಓಟಿನ ದಿನ ಹತ್ತಿರ ಬಂದಿತ್ತು. ಊರ ತುಂಬ ಅದೇ ಜೀಪು ಸೀರೆ ಹಂಚುತ್ತ ಓಡಾಡುತ್ತಿತ್ತು. ಒಂದು ಮಧ್ಯಾಹ್ನ ಗದ್ದೆಮ್ಮ ಹೊಲದಿಂದ ಬಂದು ನೋಡಿದರೆ ಬಾಗಿಲಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ಗಂಟು!



'ನಮ್ಮ ಬಾಗಿಲಿಗೂ ತಂದನೇ? ನಮ್ಮ ರೊಟ್ಟಿ ಉಂಡು, ನಮ್ಮ ಜೊತೆ ಪ್ರಾರ್ಥನೆಗೆ ಕುಳಿತು… ಕೊನೆಗೆ ಓಟಿನ ಸೀರೆಯನ್ನೇ ತಂದನೇ?'

ಅವಳು ಗಂಟನ್ನು ಬಿಚ್ಚಲಿಲ್ಲ. ಎರಡು ಬೆರಳಲ್ಲಿ ಹಿಡಿದು ಒಯ್ದು ದಾರಿಯ ಕಲ್ಲಿನ ಮೇಲಿಟ್ಟಳು. ತಿರುಗಿ ಬರುವಾಗ ಕಣ್ಣು ಮಂಜಾಗಿತ್ತು.

ಚುನಾವಣೆ ಮುಗಿಯಿತು. ಪಟಾಕಿ ಸಿಡಿದವು. ಬಾಲಪ್ಪ ಬರಲೇ ಇಲ್ಲ.

'ಓಟು ಮುಗಿದವು, ಅವನ ಕೆಲಸವೂ ಮುಗಿಯಿತು. ಅಷ್ಟೇ…' ಎಂದು ಅವಳು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಂಡಷ್ಟೂ ರೊಟ್ಟಿ ಬಡಿಯುವ ಕೈ ನಡುವೆಯೇ ನಿಲ್ಲುತ್ತಿತ್ತು.

ಹದಿನೈದು ದಿನದ ಮೇಲೆ ಬಳೆಗಾರ್ತಿ ಪೀರ್‌ಬೀ ಬುಟ್ಟಿ ಹೊತ್ತು ಬಂದಳು. ತೊಗರಿ ಹೂವಿನ ಬಣ್ಣದ ಸೀರೆ ಉಟ್ಟಿದ್ದಳು.

"ಹೆಂಗೈತಿ ಬೇಟಿ? ನೀ ಕಲ್ಲಿನ ಮ್ಯಾಲ ಇಟ್ಟದ್ದೇ. ನಾನೇ ಒಯ್ದೆ. ಆದ್ರ ಒಂದು ಮಾತು ಕೇಳು… ಮಸ್ಕಿ ಬಸ್ ಸ್ಟ್ಯಾಂಡಿನ್ಯಾಗ ಒಬ್ಬ ಹುಡುಗ ಇದನ್ನ ನೋಡಿ ನಿಂತಲ್ಲೇ ನಿಂತ. 'ಎಲ್ಲಿದು ಅವ್ವಾ ಸೀರಿ?' ಅಂದ. ಬರಿಗೈ ಬಳಗದ ಹುಡುಗಿ ರಸ್ತೆದಾಗ ಇಟ್ಟಿದ್ಲು ಅಂದೆ. ಯಾ ಅಲ್ಲಾ! ಅವನ ಮುಖ ಏನು ಹೇಳ್ಲಿ…"

ಗದ್ದೆಮ್ಮನ ಕೈಯಲ್ಲಿದ್ದ ಹಿಟ್ಟು ಕೈಯಲ್ಲೇ ಉಳಿಯಿತು.

"ಅದು ಓಟಿನ ಸೀರಿ ಅಲ್ಲೇನು ಅತ್ತಿ?"

"ಓಟಿಂದೆಲ್ಲಿ ಬೇಟಿ? ಅಂವ ಜೀಪ್ ಬಿಟ್ಟು ತಿಂಗಳಾತಂತ. ತುರ್ವಿಹಾಳದಾಗ ನೆಲ್ಲು ಕೊಯ್ಯಾಕತ್ಯಾನ. ಆ ಕೂಲಿಲೇ ತಂದಾನ. 'ದುಡಿದದ್ದು ಆದ್ರ ಅಕಿ ತಗೋತಾಳ ಅಂದ್ಕೊಂಡಿದ್ದೆ ಅವ್ವಾ' ಅಂದು, ಬಂದ ಬಸ್ಸಿಗೇ ಹಿಂದಕ್ಕ ಹೋದ."

ಅವನು ಅವಳ ನೇಮವನ್ನು ಕಾಯ್ದಿದ್ದ. ಅವಳ ನೇಮವೇ ಅವನನ್ನು ಬೀದಿಯಲ್ಲಿಟ್ಟಿತ್ತು!

ಪೀರ್‌ಬೀ ಗದ್ದೆಮ್ಮನ ಮುಖ ನೋಡಿ ಗಾಬರಿಯಾದಳು. "ಬಿಚ್ಚಿಕೊಡ್ಲೇನು ಸೀರಿ?"

"ಬ್ಯಾಡತ್ತಿ. ನಿನಗ ಚಲೋ ಒಪ್ಪತೈತಿ," ಎಂದಳು ಗದ್ದೆಮ್ಮ. ಹೇಳುತ್ತಲೇ ಬಿಕ್ಕಿದಳು.

ಗೋಪಣ್ಣ ಕಟ್ಟೆಯ ಮೇಲೆ ಕುಳಿತು ಎಲ್ಲವನ್ನೂ ಕೇಳುತ್ತಿದ್ದ. ಮೊಮ್ಮಗಳನ್ನು ಹತ್ತಿರ ಕರೆದ.

"ನಿಮ್ಮ ಆಯಿ, ನನ್ನ ಮನಿಯಾಕಿ, ಹೋಗಿ ಆರು ವರ್ಷಾತವ್ವಾ. ಮಠ ಬಿಟ್ಟು ಬರೋ ದಿನ ಅಕಿ ಯಾಕ ಅಂತ ಒಂದು ಮಾತು ಕೇಳಲಿಲ್ಲ, ಸುಮ್ನ ನನ್ನ ಹಿಂದ ನಡೆದ್ಲು. 'ನೀ ಇದ್ದಿ ಅಂತ ನಾ ನಡೆದೆ' ಅಂತ ಅಕಿಗೆ ಹೇಳಬೇಕಿತ್ತು. ನಾಳೆ ಹೇಳಿದ್ರಾತು, ನಾಡಿದ್ದು ಹೇಳಿದ್ರಾತು ಅಂತ… ನಾಳಿಗಂತ ಏನೂ ಇಡಬ್ಯಾಡ್ರಿ ಅಂತ ಊರಿಗೆಲ್ಲ ಹೇಳಿದಾಂವ, ಆ ಮಾತು ಮಾತ್ರ ಇಟ್ಕೊಂಡು ಕುಂತೆ. ಅದು ಈಗ ಯಾರ ಉಪಯೋಗಕ್ಕೂ ಬರದಂಗ ನನ್ನಲ್ಲೇ ಉಳದೈತಿ."

ಮುದುಕನ ಕಣ್ಣಿಂದ ಒಂದು ಹನಿ ಗಡ್ಡಕ್ಕಿಳಿಯಿತು. ಅವನು ಒರೆಸಿಕೊಳ್ಳಲಿಲ್ಲ.

"ಹೋಗು. ಇವತ್ತ ಹೋಗು."

"ಬಸ್ಸಿಗೆ ರೊಕ್ಕ ಇಲ್ಲ ಮುತ್ಯಾ."

"ನಾ ಕೊಡ್ತೀನಿ ಬಿಡು," ಎಂದಳು ಪೀರ್‌ಬೀ. ಗದ್ದೆಮ್ಮ ಬೇಡವೆಂದು ತಲೆಯಾಡಿಸಿದಳು. ಪೀರ್‌ಬೀ ಹಣೆ ಬಡಿದುಕೊಂಡಳು. "ನಿಮ್ಮ ನೇಮಕ್ಕ ಏನು ಹೇಳ್ಲಿ! ತಗೋ, ಮಸ್ಕಿ ತನಕ ನನ್ನ ಬುಟ್ಟಿ ಹೊರು. ಅದು ನಿನ್ನ ಕೂಲಿ ಆತು."

ಬಳೆಯ ಬುಟ್ಟಿ ಹೊತ್ತು ಅವಳು ಮಸ್ಕಿಯವರೆಗೆ ನಡೆದಳು. ಆ ಕೂಲಿಯಲ್ಲಿ ಸಿಂಧನೂರಿಗೆ, ಅಲ್ಲಿಂದ ತುರ್ವಿಹಾಳಕ್ಕೆ ಬಸ್ಸು ಹತ್ತಿದಳು.

ಕಾಲುವೆಯ ಕೆಳಗೆ ಕಣ್ಣು ಹಾಯುವವರೆಗೂ ಮಾಗಿದ ಭತ್ತ. ಸಾಲಾಗಿ ಬಗ್ಗಿದ್ದ ಕೂಲಿಯವರ ನಡುವೆ ಬಾಲಪ್ಪನ ಬೆನ್ನು ಅವಳಿಗೆ ದೂರದಿಂದಲೇ ಗುರುತು ಸಿಕ್ಕಿತು. ಬದುವಿನ ಮೇಲಿದ್ದ ಕುಡುಗೋಲು ಎತ್ತಿಕೊಂಡು, ಸೆರಗು ಬಿಗಿದು, ಅವನ ಪಕ್ಕದ ಸಾಲಿಗಿಳಿದಳು.

ಅವನು ತಲೆ ಎತ್ತಿದ. ಮುಖ ಅರಳಿತು, ಮರುಕ್ಷಣವೇ ಮುದುಡಿತು.

"ಇಲ್ಲಿಗ್ಯಾಕ ಬಂದಿ?"

"ಕೊಯ್ಯಾಕ."

"ನಿಮ್ಮೂರಾಗ ಕೂಲಿ ಇಲ್ಲೇನು?"

ಅವಳು ಮುಂದಿನ ಹಿಡಿ ಭತ್ತ ಕೊಯ್ದಳು. ಇಬ್ಬರ ಕುಡುಗೋಲುಗಳೂ ಜೊತೆಯಲ್ಲೇ ಸಾಗಿದವು. ಒಂದು ಸಾಲು ಮುಗಿದಾಗ ಅವಳು ನೆಟ್ಟಗೆ ನಿಂತಳು.

"ಆ ಗಂಟು ನಾ ಬಿಚ್ಚಲಿಲ್ಲ ಬಾಲಪ್ಪ. ನೀ ತಂದದ್ದಂತ ಗೊತ್ತಿರಲಿಲ್ಲ. ಅಲ್ಲ… ನೀ ತಂದದ್ದು ಅಂತ ಗೊತ್ತಿತ್ತು, ನೀ ದುಡಿದದ್ದು ಅಂತ ಗೊತ್ತಿರಲಿಲ್ಲ. ನಿನ್ನ ಮ್ಯಾಲ ಕೆಟ್ಟ ಸಂಶೆ ತಗೊಂಡೆ. ತಪ್ಪು ನಂದು."

ಅವನು ಕುಡುಗೋಲಿಗೆ ಅಂಟಿದ ಹುಲ್ಲು ಒರೆಸಿದ.

"ನಾ ಹುಟ್ಟಿದಾಗಿಂದ ಯಾರ ಹಂತ್ಯಾಕೂ ಏನೂ ಬೇಡಿಲ್ಲ. ಹಸಿವಾದ್ರೂ ಬೇಡಿಲ್ಲ…" ಅವಳು ಅವನ ಕಡೆ ತಿರುಗಿದಳು. "ಇವತ್ತು ಬೇಡಾಕ ಬಂದೀನಿ. ನಿನ್ನನ್ನ."

ಸಾಲಿನಲ್ಲಿದ್ದ ಕುಡುಗೋಲುಗಳೆಲ್ಲ ಒಮ್ಮೆಲೇ ನಿಂತವು. ಆಚೆ ಬದಿಯಲ್ಲಿ ಕೊಯ್ಯುತ್ತಿದ್ದ ಮುದುಕಿಯೊಬ್ಬಳು ಸೊಂಟದ ಮೇಲೆ ಕೈಯಿಟ್ಟು ಎದ್ದಳು. ಅವಳು ಬಾಲಪ್ಪನ ತಾಯಿ ತಿಮ್ಮವ್ವ.

"ಲೇ ಬಾಲ್ಯಾ! ಮಸ್ಕಿಯಿಂದ ಬಂದಾಗಿಂದ ನೀ ಸರಿಯಾಗಿ ಉಂಡಿಲ್ಲ. ಹುಡುಗಿ ಇಷ್ಟು ದೂರ ಬಂದು ಬಾಯಿಬಿಟ್ಟು ಕೇಳಾಕತ್ಯಾಳ. ನೀ ಏನು ಗೂಟ ನಿಂತಂಗ ನಿಂತೀ?"

ಹೆಂಗಸರೆಲ್ಲ ಗೊಳ್ಳೆಂದು ನಕ್ಕರು. ಬಾಲಪ್ಪ ನಗಲಿಲ್ಲ. ಕಣ್ಣು ತುಂಬಿ ಅವಳನ್ನೇ ನೋಡಿದ.

"ನನ್ನ ಹಂತ್ಯಾಕ ಏನೂ ಇಲ್ಲ ಗದ್ದೆಮ್ಮ. ಜೀಪೂ ಇಲ್ಲ ಈಗ."

"ಅದಕ್ಕ ಧೈರ್ಯ ಮಾಡಿ ಬಂದೀನಿ."

"ಹಂಗಾದ್ರ…" ಅವನು ಕುಡುಗೋಲು ಕೆಳಗಿಟ್ಟು ಎರಡೂ ಕೈ ಅವಳ ಮುಂದೆ ಚಾಚಿದ. "ಕೊಟ್ಟೆ."

ಗದ್ದೆಮ್ಮ ಆ ಒರಟು ಅಂಗೈಗಳ ಮೇಲೆ ತನ್ನ ಕೈಗಳನ್ನಿಟ್ಟಳು.

"ತಗೊಂಡೆ," ಎಂದಳು.