ಆಳದ ತುದಿಯ ನೀರು

"ನನ್ನ ಮಗೂ ಕಣ್ಣು ನೋಡ್ರೀ, ಹೇಗೆ ಕೆಂಪಾಗಿದೆ! ಮೈ ತೊಳೆಸದೇ ಮಕ್ಕಳನ್ನ ನೀರಿಗಿಳಿಸ್ತೀರಲ್ಲ, ನೀವೆಂಥ ಕೋಚು?"

ಈಜುಕೊಳದ ಮೆಟ್ಟಿಲ ಮೇಲೆ ತಾಯಂದಿರೆಲ್ಲ ಕೋಚನ್ನು ಸುತ್ತುವರಿದಿದ್ದರು.

"ಸ್ನಾನ ಮಾಡಿಸದೆ ಯಾರನ್ನೂ ಇಳಿಸಿಲ್ಲಮ್ಮಾ..."

ಕೇಳುವವರು ಯಾರು? ಬಿದ್ದವನಿಗೆ ಆಳಿಗೊಂದು ಕಲ್ಲು!

ಮ್ಯಾನೇಜರ್, ವಾರವಾರವೂ ನೀರು ಪರೀಕ್ಷೆ ಮಾಡಲು ಬರುವ ಮೇಡಂ ಕಡೆ ತಿರುಗಿದ. "ನೀರು ಚೆನ್ನಾಗಿತ್ತಲ್ವಾ ಮೇಡಂ? ಹಾಗಾದ್ರೆ ತಪ್ಪು ಕೋಚಿಂದೇ. ನಾಳೆಯಿಂದ ಇವರು ಬರೋದು ಬೇಡ."

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳ ಕೈ ತಾನಾಗಿಯೇ ಚೀಲದೊಳಗಿನ ಸೀಸೆಯನ್ನು ಮುಚ್ಚಿಕೊಂಡಿತು.

ನೀರು ಚೆನ್ನಾಗಿತ್ತು, ನಿಜ. ಆದರೆ ಎಲ್ಲಿಯ ನೀರು? ಕೊಳದ ನಾಲ್ಕೂ ಕಡೆಯಿಂದ ತೆಗೆದು ನೋಡಬೇಕು ಎಂಬುದು ಅವಳ ಕೆಲಸದ ಮೊದಲ ಪಾಠ. ಅವಳು ಸೀಸೆ ತುಂಬಿಕೊಳ್ಳುತ್ತಿದ್ದದ್ದು ಮಾತ್ರ ಆಳದ ತುದಿಯಲ್ಲೇ. ಕ್ಲೋರಿನ್ ಬೆರೆತ ಹೊಸ ನೀರು ಒಳಗೆ ಬರುವುದೂ ಅಲ್ಲೇ! ಮಕ್ಕಳು ಆಡುವ ಕಡೆಗೆ ಅವಳು ಹೋಗುತ್ತಲೇ ಇರಲಿಲ್ಲ. ಏಕೆಂದರೆ, ಅವಳು ಬರುವ ಹೊತ್ತಿಗೆ ಕೋಚ್ ಆಳದ ತುದಿಯಲ್ಲಿ ನಿಂತು ದೊಡ್ಡವರಿಗೆ ಕಲಿಸುತ್ತಿದ್ದ.

ಈಗಷ್ಟೇ ಮಕ್ಕಳ ಕಡೆಯ ನೀರನ್ನು ಪರೀಕ್ಷಿಸಿದ್ದಳು. ಅಲ್ಲಿ ರೋಗಾಣು ಕೊಲ್ಲುವ ಕ್ಲೋರಿನ್ ಹೆಸರಿಗೂ ಇರಲಿಲ್ಲ.

ಸುಮ್ಮನಿದ್ದುಬಿಡಲಾ? ಯಾರಿಗೂ ಗೊತ್ತಾಗಲ್ಲ... ಅವನಿಗೂ!

ಕೋಚ್ ಚಪ್ಪಲಿ ಮೆಟ್ಟಿಕೊಂಡು ಹೊರಟ. ಅವಳ ಮುಖ ನೋಡಿ ನಿಂತ.

"ನೀವ್ಯಾಕೆ ಬೇಜಾರು ಮಾಡ್ಕೋತೀರಿ ಮೇಡಂ? ನಿಮ್ಮ ಕೆಲಸ ನೀವು ಸರಿಯಾಗೇ ಮಾಡಿದ್ರಿ."

ಬೈದಿದ್ದರೂ ತಡೆದುಕೊಳ್ಳುತ್ತಿದ್ದಳು. ಆ ನಂಬಿಕೆಯನ್ನು ಮಾತ್ರ ತಡೆದುಕೊಳ್ಳಲಾಗಲಿಲ್ಲ.

"ಇಲ್ಲ! ತಪ್ಪು ಅವರದಲ್ಲ, ನಂದು!"

ಎಲ್ಲವನ್ನೂ ಎಲ್ಲರೆದುರೇ ಹೇಳಿದಳು. ಮ್ಯಾನೇಜರ್ ಕೊಳಕ್ಕೆ ಬೀಗ ಹಾಕಿಸಿದ. ತಾಯಂದಿರು ಬಾಯಿಗೆ ಬಂದಂತೆ ಬೈದರು. ಅವಳು ತಲೆ ಎತ್ತಲಿಲ್ಲ.

ಎಲ್ಲರೂ ಹೋದ ಮೇಲೆ ಕೋಚ್ ಒಬ್ಬನೇ ಉಳಿದ. ಸಿಟ್ಟಿನಿಂದ ಅವಳ ಎದುರು ಬಂದು ನಿಂತ.

"ಯಾಕೆ ಮೇಡಂ? ಆ ಕಡೆ ನಾಲ್ಕು ಹೆಜ್ಜೆ ಹಾಕೋಕಾಗ್ಲಿಲ್ವಾ?"

"ನೀವು... ಈ ಕಡೆ ನಿಲ್ತಿದ್ರಿ."

ಅವನು ಮೆಟ್ಟಿಲ ಮೇಲೆ ಕೂತುಬಿಟ್ಟ.

"ಒಂದು ಮಾತು ಹೇಳಿದ್ರೆ ನಾನೇ ಆ ಕಡೆ ಬಂದು ನಿಲ್ತಿರ್ಲಿಲ್ವಾ?"

ಅವಳು ಬಿಕ್ಕಿದಳು. "ಮೊದಲು ಆ ಮಕ್ಕಳ ಮನೆಗೆಲ್ಲ ಹೋಗಬೇಕು. ಮುಖದ ಮೇಲೆ ಬಾಗಿಲು ಹಾಕಿದ್ರೂ ಸರಿ, ಕ್ಷಮೆ ಕೇಳ್ಬೇಕು."

"ಒಬ್ರೇನಾ?"

"ತಪ್ಪು ಮಾಡಿದವಳು ಒಬ್ಬಳೇ ಅಲ್ವಾ..."

"ಬೈಸ್ಕೊಳ್ಳೋಕಾದ್ರೂ ಜೊತೆಗೊಬ್ರು ಬೇಡ್ವಾ? ನಡೀರಿ..."