ಎರವಲು ಹೋದ ಕೈಗಳು

ಮಗಳ ಎಡಜಡೆ ಅರ್ಧ ಹೆಣೆದಾಗಿತ್ತು. ರಿಬ್ಬನ್ನನ್ನು ಹಲ್ಲಿನಲ್ಲಿ ಕಚ್ಚಿಕೊಂಡು ಮೂರನೆಯ ಎಳೆಯನ್ನು ಎಳೆದು ತರುತ್ತಿದ್ದ ತಿಪ್ಪಕ್ಕನಿಗೆ ಮಣಿಕಟ್ಟಿನಲ್ಲಿ ಇರುವೆ ಹರಿದಂತಾಯಿತು. ಮರುಗಳಿಗೆಯೇ ಅವಳ ಎರಡೂ ಕೈಗಳು ಕೂದಲನ್ನು ಬಿಟ್ಟು ಗಾಳಿಯಲ್ಲಿ ಮೇಲೆದ್ದವು. ಕಾಣದ ಸ್ಟೀರಿಂಗೊಂದನ್ನು ಹಿಡಿದು ಸರಕ್ಕನೆ ಎಡಕ್ಕೆ ತಿರುಗಿಸಿದವು, ಒಂದು ಕ್ಷಣ ತಡೆದವು, ಮತ್ತೆ ಮೆಲ್ಲಗೆ ಬಲಕ್ಕೆ ಬಂದವು. ಅಷ್ಟೇ. ಎಲ್ಲೋ ಒಂದು ವಾಹನ ನೆಟ್ಟಗಾಗಿತ್ತು.

ಬನಿ ಅಲುಗಾಡದೆ ಕೂತಿದ್ದಳು. ಎಡಗಡೆ ಹೆಣೆದದ್ದೆಲ್ಲ ಬಿಚ್ಚಿಕೊಂಡು ಬೆನ್ನ ಮೇಲೆ ಹರಡಿತ್ತು.

"ಯಾರಮ್ಮ?"

"ಯಾರೋ. ಚಿಕ್ಕ ಗಾಡಿ. ರಸ್ತೆ ನೆಂದಿತ್ತು."

ಪಕ್ಕದ ಮನೆಯ ಗಿರಿಜವ್ವ ಬಟ್ಟೆ ಹರವುತ್ತ ಗೋಡೆಯಾಚೆಯಿಂದ ಇದನ್ನೆಲ್ಲ ನೋಡಿದ್ದಳು. "ಏನೇ ತಿಪ್ಪಕ್ಕ, ಬೆಳಗ್ಗೆ ಬೆಳಗ್ಗೆ ಯಾವೂರಿಗೆ ಹೋಗಿದ್ದೆ? ಬರ್ತಾ ನಂಗೊಂದು ಸೀರೆ ತರಬಾರದಿತ್ತಾ?"

"ಸೀರೆ ಆರಿಸೋಕೆ ಪುರುಸೊತ್ತೆಲ್ಲಿ ಕೊಡ್ತಾರಕ್ಕ? ಹೋದೆ, ಬಂದೆ."

ಬನಿ ಏನೋ ಕೇಳಲು ಬಾಯಿ ತೆರೆದು ಮುಚ್ಚಿಕೊಂಡಳು. ಈಚೆಗೆ ಅವಳು ಹೀಗೆ ಮಾಡುವುದು ಹೆಚ್ಚಾಗಿತ್ತು. ಅಷ್ಟರಲ್ಲಿ ಶಾಲೆಯ ಬಸ್ಸಿನ ಹಾರನ್ ಕೇಳಿಸಿತು. ಏಳು ವರ್ಷದ ಹುಡುಗಿ ಒಂದು ಕಡೆ ಜಡೆ, ಇನ್ನೊಂದು ಕಡೆ ಬಿಚ್ಚುಗೂದಲಿನಲ್ಲೇ ಓಡಿದಳು.

ತಿಪ್ಪಕ್ಕನ ಮೊಣಕೈಯಿಂದ ಮಣಿಕಟ್ಟಿನವರೆಗೆ ಸುತ್ತಿದ್ದ ಬೂದುಬಣ್ಣದ ತೆಳುಪಟ್ಟಿಗೆ ಹಸ್ತವಾಹಕ ಎಂದು ಹೆಸರು. ಎಲ್ಲೋ ಓಡುತ್ತಿರುವ ವಾಹನದ ಚಕ್ರಗಳು ನೆಲದ ಹಿಡಿತ ಕಳೆದುಕೊಂಡ ಕೂಡಲೇ ಆ ಜಾರುವಿಕೆಯೆಲ್ಲ ಸಂಕೇತಗಳಾಗಿ ಆಕಾಶಮಾರ್ಗದಲ್ಲಿ ಈ ಪಟ್ಟಿಗೆ ಬರುತ್ತದೆ. ಪಟ್ಟಿ ಅದನ್ನು ನರಗಳಿಗೆ ಮುಟ್ಟಿಸುತ್ತದೆ. ಪಟ್ಟಿ ಕಟ್ಟಿಕೊಂಡವರ ಕೈ ಹೇಗೆ ತಿರುಗುತ್ತದೆಯೋ ಹಾಗೆಯೇ ದೂರದ ಆ ವಾಹನದ ಸ್ಟೀರಿಂಗು ತಿರುಗುತ್ತದೆ. ಒಂದೆರಡು ಉಸಿರಿನಷ್ಟು ಹೊತ್ತಿನ ಕೆಲಸ. ಮೊದಮೊದಲು ವಿಜ್ಞಾನಿಗಳು ನುರಿತ ಚಾಲಕರ ಕೈಚಳಕವನ್ನು ಒಮ್ಮೆ ಮುದ್ರಿಸಿಟ್ಟುಕೊಂಡರೆ ಸಾಕೆಂದು ನಂಬಿದ್ದರು. ಆದರೆ ಬೆಳಗಿನ ಮಣ್ಣು ಮಧ್ಯಾಹ್ನ ಬೇರೆಯಾಗುತ್ತದೆ. ಮುದ್ರಿಸಿದ ಕೈಗೆ ಅದು ತಿಳಿಯಲಿಲ್ಲ. ಹಾಗಾಗಿ ಜೀವಂತ ಕೈಗಳೇ ಬೇಕಾದವು.

ಅಂಥ ಕೈ ತಿಪ್ಪಕ್ಕನದು. ಚಳ್ಳಕೆರೆಯಾಚೆಯ ಬಯಲಿನಲ್ಲಿ ನಡೆಯುವ ಮಣ್ಣಿನ ರೇಸುಗಳಲ್ಲಿ ಅವಳನ್ನು ನೋಡಲೆಂದೇ ಜನ ಬುತ್ತಿ ಕಟ್ಟಿಕೊಂಡು ಬರುತ್ತಿದ್ದರು. ಎಡತಿರುವಿಗೆ ಮುನ್ನ ಅವಳು ಕಾರನ್ನು ಒಂದಿಷ್ಟೇ ಬಲಕ್ಕೆ ಎಸೆಯುತ್ತಿದ್ದಳು. ಭಾರ ಅತ್ತ ತೂಗಿ ಇತ್ತ ಮರಳುವಾಗ ಆ ರಭಸವನ್ನೇ ಬಳಸಿಕೊಂಡು, ಇಡೀ ಕಾರನ್ನು ಅಡ್ಡಡ್ಡ ಜಾರಿಸಿ, ಧೂಳಿನ ಗೋಡೆ ಎಬ್ಬಿಸಿ ತಿರುವು ದಾಟುತ್ತಿದ್ದಳು. ಅದಕ್ಕೆ ಜನ 'ತಿಪ್ಪಕ್ಕನ ತೂಗು' ಎಂದೇ ಹೆಸರಿಟ್ಟಿದ್ದರು. ಮಂಡಿ ಮುರಿದ ಮೇಲೆ ರೇಸು ನಿಂತಿತು. ಹಸ್ತವಾಹಕವನ್ನು ರೂಪಿಸಿದ ಡಾಕ್ಟರ್ ಸದ್ಯೋಜಾತ ಮನೆಗೇ ಬಂದು, "ಮನೇಲಿ ಕೂತೇ ಜೀವ ಉಳಿಸಬಹುದು, ತಾಯಿ" ಎಂದಾಗ ಅವಳು ಸಂತೋಷದಿಂದಲೇ ಕೈ ಚಾಚಿದ್ದಳು.

ರಾತ್ರಿ ಬೇರೆಯವರ ಸರದಿ, ಹಗಲು ಅವಳದು. ಒಲೆಯ ಮುಂದೆ ನಿಲ್ಲುವಾಗ ಪಟ್ಟಿಯ ಗುಂಡಿ ಒತ್ತಿದರೆ ಕರೆಗಳು ಇನ್ನೊಬ್ಬರಿಗೆ ಹೋಗುತ್ತಿದ್ದವು. ಆದರೆ ಈ ಬೇಸಿಗೆಯಿಂದ ಕರೆಗಳು ವಿಪರೀತವಾಗಿದ್ದವು. ಪಾತ್ರೆ ತಿಕ್ಕುವಾಗ, ರೊಟ್ಟಿ ತಟ್ಟುವಾಗ, ಮಗಳಿಗೆ ತುತ್ತು ಕೊಡುವಾಗ ಕೈ ಹೊರಟುಬಿಡುತ್ತಿತ್ತು. ಸಂಜೆಯ ಹೊತ್ತಿಗೆ ತೋಳುಗಳು ತನ್ನವಲ್ಲವೆನಿಸುವಷ್ಟು ಸೋಲು. ಗಾಳಿಯಂತ್ರಗಳನ್ನು ದುರಸ್ತಿ ಮಾಡುವ ಗಂಡ ವಾರಗಟ್ಟಲೆ ಬೆಟ್ಟದ ಮೇಲೆಯೇ ಇರುತ್ತಿದ್ದ. ಮನೆಯಲ್ಲಿದ್ದ ಕೈಗಳೆಂದರೆ ಇವೆರಡೇ.

ಆ ಭಾನುವಾರ ದಣಿವಿನಲ್ಲಿ ಅವಳು ಗುಂಡಿ ಒತ್ತುವುದನ್ನು ಮರೆತಳು.

ಅನ್ನದ ಗಂಜಿ ಬಸಿಯುತ್ತಿದ್ದಳು. ನಡುಮನೆಯ ಪರದೆಯಲ್ಲಿ ಬಯಲಿನ ರೇಸು ಬರುತ್ತಿತ್ತು. ಅದನ್ನು ನೋಡುತ್ತ ಬನಿ ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದಳು. ಮಣಿಕಟ್ಟಿನಲ್ಲಿ ಇರುವೆ ಹರಿಯಿತು. "ಆಚೆ ಸರಿ ಮಗಾ!" ಎನ್ನುವಷ್ಟರಲ್ಲಿ ಕೈಗಳು ಪಾತ್ರೆಯನ್ನು ಬಿಟ್ಟಿದ್ದವು. ಗಂಜಿ ನೆಲಕ್ಕೆ ಬಿದ್ದು ಮಗುವಿನ ಪಾದದ ಮೇಲೆ ಹರಿಯಿತು. ಮಗಳ ಚೀರಾಟ ಕೇಳುತ್ತಿದ್ದರೂ ತಾಯಿಯ ಕೈಗಳು ಗಾಳಿಯಲ್ಲಿ ತಿರುಗುತ್ತಲೇ ಇದ್ದವು. ಅದೇ ಕ್ಷಣದಲ್ಲಿ ಪರದೆಯಿಂದ ಜನರ ಕೇಕೆ ಹೊಮ್ಮಿತು.

"ನೋಡಿ, ನೋಡಿ! ತಾರಕ್ ಎಂಥ ಚಾಲಕ! ಏನು ಧೈರ್ಯ, ಏನು ಕೈಚಳಕ!" ಎಂದು ವೀಕ್ಷಕ ವಿವರಣೆಗಾರ ಕೂಗುತ್ತಿದ್ದ.

ಮಗುವನ್ನು ಎತ್ತಿ ನಲ್ಲಿಯ ಕೆಳಗೆ ಕಾಲು ಹಿಡಿದ ತಿಪ್ಪಕ್ಕ ತಲೆಯೆತ್ತಿದಾಗ ಪರದೆಯಲ್ಲಿ ಆ ತಿರುವನ್ನು ನಿಧಾನಗತಿಯಲ್ಲಿ ಮತ್ತೆ ತೋರಿಸುತ್ತಿದ್ದರು. ಹಳದಿ ಕಾರು ಮೊದಲು ಒಂದಿಷ್ಟೇ ಬಲಕ್ಕೆ ತೂಗಿತು. ಆಮೇಲೆ ಎಡಕ್ಕೆ ಹಾರಿತು. ಅಲ್ಲಿಂದ ಮುಂದಿನದೆಲ್ಲ ಈಗತಾನೆ ಅವಳ ತೋಳುಗಳು ಮಾಡಿದ ಕೆಲಸ. ಬನಿ ಅಳು ನಿಲ್ಲಿಸಿ ಪರದೆಯನ್ನು ನೋಡಿದಳು, ಅಮ್ಮನ ಕೈಗಳನ್ನು ನೋಡಿದಳು.

ಮರುದಿನ ಸದ್ಯೋಜಾತ ಬಂದರು. ಚಾಪೆಯ ಮೇಲೆ ಕೂತರು, ಕೊಟ್ಟ ಕಾಫಿಯನ್ನು ಮುಟ್ಟಲಿಲ್ಲ.

"ಆ ತಾರಕ್ ಜಾರಿ ಬೀಳ್ತಿರಲಿಲ್ಲ ಸಾರ್. ಬೀಳೋನು ಮೊದಲು ಬಲಕ್ಕೆ ತೂಗಲ್ಲ. ಬೇಕಂತಲೇ ಜಾರಿಸಿ ನನ್ನ ಕೈಗೆ ಬಿಟ್ಟ."

"ಹೋದ ವರ್ಷ ರೇಸಿನ ಕಾರುಗಳಿಗೂ ಹಸ್ತವಾಹಕದ ಸಂಪರ್ಕ ಕಡ್ಡಾಯ ಮಾಡಿದ್ವಿ. ಯಾರೂ ಸಾಯಬಾರದು ಅಂತ, ನಾನೇ ಒತ್ತಾಯ ಮಾಡಿದ್ದು." ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. "ಚಕ್ರದ ಹಿಡಿತ ತಪ್ಪಿತು ಅನ್ನೋದಷ್ಟೇ ಯಂತ್ರಕ್ಕೆ ಗೊತ್ತಾಗೋದು. ಹೆದರಿ ತಪ್ಪಿತೋ, ಮೆರೆಯೋಕೆ ತಪ್ಪಿಸಿದನೋ, ಗೊತ್ತಾಗಲ್ಲ."

"ನಂಗೆ ಗೊತ್ತಾಗುತ್ತಲ್ಲ."

"ಗೊತ್ತಾದಾಗ ಕೈ ಕಟ್ಟಿಕೊಂಡು ಕೂರ್ತೀರಾ?"

ತಿಪ್ಪಕ್ಕ ಯೋಚಿಸಿದಳು. ಅಡ್ಡಡ್ಡ ಬರುತ್ತಿರುವ ಕಾರು, ಹಗ್ಗದಾಚೆ ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡ ಜನ. "ಆಗಲ್ಲ," ಎಂದಳು. "ಅಷ್ಟೊತ್ತಿಗೆ ಗಾಡಿ ನಿಜವಾಗ್ಲೂ ಜಾರಿರುತ್ತೆ."

"ರೇಸಿನವರೊಬ್ಬರೇ ಅಲ್ಲ. ಊರೂರಲ್ಲೂ ಹುಡುಗರು ಗೆಳೆಯರ ಮುಂದೆ ಇದನ್ನೇ ಶುರು ಮಾಡಿದಾರೆ. ಹಿಡಿಯೋರು ಇದಾರೆ ಅಂತ ಗೊತ್ತಾದ್ರೆ ಜನ ಬೇಕಂತ ಬೀಳ್ತಾರೆ ಅನ್ನೋದು ನಮ್ಮಲ್ಲಿ ಯಾರಿಗೂ ಹೊಳೀಲಿಲ್ಲ. ರೇಸಿನ ಕಾರುಗಳನ್ನ ಇದರಿಂದ ಬಿಡಿಸೋಕೆ ಮೇಲಿನವರಿಗೆ ಬರೆದಿದೀನಿ. ಆದ್ರೆ ಅದು ನಿಧಾನ ಆಗುತ್ತೆ."

"ನನ್ನ ಮಗು ಕಾಲು ಸುಟ್ಟುಕೊಂಡಿದೆ ಸಾರ್. ಈ ಪಟ್ಟಿಗಳನ್ನ ಬಿಚ್ಚಿಕೊಂಡು ಹೋಗಿ."

ಅವರು ಬೇಡವೆನ್ನಲಿಲ್ಲ. ಕೈ ಚಾಚಿದರು. ತಿಪ್ಪಕ್ಕ ಕೊಂಡಿಗೆ ಬೆರಳಿಟ್ಟವಳು ತಡೆದು ಕೇಳಿದಳು, "ಶುಕ್ರವಾರ ಸಂಜೆ ನನ್ನ ಕೈಗೆ ಒಂದು ಉದ್ದನೆ ಗಾಡಿ ಬಂದಿತ್ತು. ಹಿಂದೆ ಭಾರ ಕುಣೀತಿತ್ತು. ಏನದು?"

ಸದ್ಯೋಜಾತ ಚಾಚಿದ ಕೈಯನ್ನು ಹಿಂದೆಳೆದುಕೊಂಡರು. "ಹೇಳಿದ್ರೆ ನಿಮ್ಮನ್ನ ಕಟ್ಟಿಹಾಕಿದ ಹಾಗಾಗುತ್ತೆ."

"ಹೇಳಿ."

"ಪ್ರವಾಸ ಮುಗಿಸ್ಕೊಂಡು ಬರ್ತಿದ್ದ ಶಾಲೆ ಬಸ್ಸು. ಒಂದು ಕಡೆ ಕಣಿವೆ ಇತ್ತು."

ತಿಪ್ಪಕ್ಕ ಕೊಂಡಿಯಿಂದ ಬೆರಳು ತೆಗೆದಳು. ಸದ್ಯೋಜಾತ ಎದ್ದು, "ಏನು ನಿರ್ಧಾರ ಮಾಡಿದ್ರೂ ನಾನು ಬೇಜಾರು ಮಾಡ್ಕೊಳ್ಳಲ್ಲ, ತಾಯಿ" ಎಂದು ಹೇಳಿ ಚಪ್ಪಲಿ ಮೆಟ್ಟಿದರು.

ಅವಳು ಲೋಳೆಸರದ ಎಲೆ ಸೀಳಿಕೊಂಡು ಬಂದು ಬನಿಯ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಪಾದದ ಮೇಲೆ ಚರ್ಮ ಕೆಂಪಾಗಿ ಉಬ್ಬಿತ್ತು. ತಣ್ಣನೆಯ ಲೋಳೆಯನ್ನು ಬೆರಳ ತುದಿಯಿಂದ ಸವರುತ್ತ, "ಉರೀತಾ ಇದೆಯಾ ನನ್ನವ್ವ?" ಎಂದು ಊದಿದಳು. ಬನಿ ಇಲ್ಲವೆಂದು ತಲೆಯಾಡಿಸಿದಳು. ಅಷ್ಟರಲ್ಲಿ ಕೈ ಮತ್ತೆ ಹೊರಟಿತು. ಲೋಳೆ ಹತ್ತಿದ ಬೆರಳುಗಳು ಗಾಳಿಯಲ್ಲಿ ಒಂದು ಬೈಕನ್ನೋ ಕಾರನ್ನೋ ಹಿಡಿದು ನಿಲ್ಲಿಸುತ್ತಿದ್ದವು. ಅದು ಮುಗಿಯುವವರೆಗೆ ಬನಿ ಕಾಲನ್ನು ಹಾಗೆಯೇ ಎತ್ತಿ ಹಿಡಿದುಕೊಂಡು ಕಾದಳು.

ಕೈಗಳು ಮರಳಿದವು. ಹೊಸಿಲ ಬಳಿ ಸದ್ಯೋಜಾತ ಇನ್ನೂ ನಿಂತಿದ್ದರು.

"ಅಮ್ಮ," ಎಂದಳು ಬನಿ. ಈ ಸಲ ಅವಳು ಬಾಯಿ ಮುಚ್ಚಿಕೊಳ್ಳಲಿಲ್ಲ. "ಗಾಡಿಯವರು ಬೇಕಂತ ಬಿದ್ರೂ ನಿನ್ನ ಕೈ ಹೋಗುತ್ತಲ್ಲ... ನಾನೂ ಬೇಕಂತ ಬಿದ್ರೆ ನನ್ನ ಹತ್ರ ಬರುತ್ತಾ?"